ಸಹಾಯ ಬೇಕು: ಗುರಿ ಬರೆಯುವ ಮೊದಲು ಕನಸನ್ನು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ವಯಸ್ಸು 46. ಪ್ರತಿ ಯುಗಾದಿಗೆ ನೋಟ್‌ಬುಕ್ಕಿನಲ್ಲಿ ಆ ವರ್ಷದ ಗುರಿಗಳನ್ನು ಬರೆದು, ಮುಗಿದದ್ದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾ ಬಂದವನು. ಮನೆ ಸಾಲ ತೀರಿತು. 2009ರ ಕೊನೆಯಲ್ಲಿ ತೆರೆದ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆಯ 15 ವರ್ಷದ ಅವಧಿಯೂ 2025ರ ಏಪ್ರಿಲ್‌ಗೆ ಮುಗಿಯಿತು. ಆ ಹಣವನ್ನು ಯಾವುದಕ್ಕೆಂದು ಕೂಡಿಟ್ಟಿರಿ ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರೂ ಕಟ್ಟುತ್ತಾರೆಂದು ನಾನೂ ಕಟ್ಟಿದ್ದೆ.

ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋಗಿದ್ದಾಗ, ಅಲ್ಲಿನ ಕೃಷಿ ವಿಶ್ವವಿದ್ಯಾಲಯವೇ ಅಭಿವೃದ್ಧಿಪಡಿಸಿದ ಜಿಪಿಯು-28 ಎಂಬ ರಾಗಿ ತಳಿಯ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟನ್ನು ಊದಿ, ಉಳಿದ ಕಾಳನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮಾಗಡಿ ಕಡೆ ನಮ್ಮ ಎರಡು ಎಕರೆ ಬೀಳು ಬಿದ್ದಿದೆ. ಅಲ್ಲಿ ಬೇಸಾಯ ಮಾಡುವುದು ನಿಜಕ್ಕೂ ನನ್ನ ಕನಸೋ, ತುಮಕೂರು ರಸ್ತೆಯ ನಿತ್ಯದ ಟ್ರಾಫಿಕ್ಕು ತಂದ ದಣಿವೋ, ಅಥವಾ ಅಪ್ಪ ಅರ್ಧಕ್ಕೆ ಬಿಟ್ಟ ಆಸೆಯನ್ನೇ ನನ್ನದೆಂದುಕೊಂಡಿದ್ದೇನೋ ಎಂಬುದು ತಿಳಿಯಾಗುವವರೆಗೆ ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆಯಬಾರದೆಂದು ತೀರ್ಮಾನಿಸಿದ್ದೇನೆ. ಗುರಿಗೆ ಗಡುವು, ಮೊತ್ತ ನಿಗದಿ ಮಾಡುವುದನ್ನು ಹೇಳಿಕೊಡುವವರು ಬಹಳ ಮಂದಿ ಸಿಕ್ಕರು. ಅದಕ್ಕೂ ಮುಂಚಿನ ಈ ಹೆಜ್ಜೆಯ ಬಗ್ಗೆ ಯಾರೂ ಹೇಳಲಿಲ್ಲ.

ಇಂಥ ಗೊಂದಲ ದಾಟಿದವರು ದಯವಿಟ್ಟು ತಿಳಿಸಿ: ನಿಮ್ಮ ಸ್ವಂತ ಆಸೆಯನ್ನು ಹೇಗೆ ಬೇರ್ಪಡಿಸಿ ಗುರುತಿಸಿದಿರಿ? ಕೆಲಸ ಬಿಡದೆ, ರಜೆಯಲ್ಲಿ ಒಂದು ಹಂಗಾಮು ಮಾಡಿ ನೋಡಿದಿರಾ? ಮನೆಯವರೊಂದಿಗೆ ಯಾವಾಗ ಮಾತಾಡಿದಿರಿ? ಬಿಡುವಿದ್ದವರು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸಿಗುವುದಾದರೆ ನಾನು ಖಂಡಿತ ಬರುತ್ತೇನೆ.