ಸಂಧಿವಾತದ ಇಂಜೆಕ್ಷನ್, ಸಂಜೆ ಜ್ವರ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಹೊಸನಗರ ಸದಸ್ಯೆ: ನಮಸ್ಕಾರ ಮೇಡಂ. ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್. ಬೆರಳಿನ ಊತ ಇಳಿದು, ಮತ್ತೆ ಅಡಿಕೆ ಸುಲಿಯುತ್ತಿದ್ದಾರೆ. ಆದರೆ ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಮೈ ಬಿಸಿ, ರವಿಕೆಯೆಲ್ಲ ಸಡಿಲ. ಮಳೆಗಾಲದ ಶೀತ ಅಲ್ವಾ?

ಡಾಕ್ಟರ್: ಶೀತ ಅಂತ ಸುಮ್ನೆ ಕೂರಬೇಡಿ. ನನಗೆ ಟಿಬಿಯ ಅನುಮಾನ. ಈ ಔಷಧ ಒಂದು ಮೊನೊಕ್ಲೋನಲ್ ಆಂಟಿಬಾಡಿ, ಅಂದರೆ ಲ್ಯಾಬಿನಲ್ಲಿ ತಯಾರಿಸಿದ, ಎಲ್ಲವೂ ಒಂದೇ ಥರದ ಪ್ರತಿಕಾಯ. ಟಿಎನ್‌ಎಫ್ ಅನ್ನೋ ಒಂದೇ ಪ್ರೋಟೀನನ್ನು ಹುಡುಕಿ ಹಿಡಿಯುತ್ತದೆ. ಕೀಲು ಊದಿಸುವುದು ಈ ಟಿಎನ್‌ಎಫ್. ಆದರೆ ಹಳೇ ಟಿಬಿ ಕ್ರಿಮಿಗಳ ಸುತ್ತ ದೇಹ ಕಟ್ಟಿದ ಗೋಡೆ ನಿಲ್ಲಲಿಕ್ಕೂ ಅದೇ ಬೇಕು. ಅದನ್ನು ತಡೆದರೆ ಮಲಗಿದ್ದ ಟಿಬಿ ಏಳಬಹುದು. ಅದಕ್ಕೇ ಶುರು ಮಾಡುವ ಮುಂಚೆ ಎದೆ ಎಕ್ಸ್‌ರೇ, ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಮಾಡಿಸಿದ್ದರಾ? ಮುಂದಿನ ಡೋಸ್ ಕೊಡುವ ಮೊದಲು ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಸ್ಟೀರಾಯ್ಡ್ ಮಾತ್ರೆಯೂ ತಗೊಳ್ಳುತ್ತಿದ್ದರೆ ಅದನ್ನು ನೀವಾಗೇ ನಿಲ್ಲಿಸಬೇಡಿ.

ಸಾಗರ ಸದಸ್ಯ: ಮಂಗನ ಕಾಯಿಲೆಗೂ ಈ ಇಂಜೆಕ್ಷನ್ ಇದೆಯಾ?

ಡಾಕ್ಟರ್: ಇಲ್ಲ.

ಭದ್ರಾವತಿ ಸದಸ್ಯ: ಫಾರ್ವರ್ಡ್ ಬಂದಿದೆ: ಅಮೃತಬಳ್ಳಿ ಕಷಾಯ ಕುಡಿದರೆ ಸಂಧಿವಾತ, ಜ್ವರ ಎರಡೂ ಮಾಯ. ಇಂಜೆಕ್ಷನ್ನೇ ಬೇಡ.

ಡಾಕ್ಟರ್: ಇಂಥದ್ದನ್ನು ಇಲ್ಲಿ ಹಾಕಬೇಡಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದದ್ದು ನಮ್ಮ ದೇಶದಲ್ಲೇ ವರದಿಯಾಗಿದೆ. ಟಿಬಿ ಮಾತ್ರೆಯೂ ಲಿವರ್‌ಗೇ ಹೊರೆ. ಎರಡೂ ಸೇರಿದರೆ?

ಭದ್ರಾವತಿ ಸದಸ್ಯ: ನಮ್ಮಜ್ಜಿ ಕುಡಿದೇ ಬದುಕಿದ್ದು. ಇಲಿಯಿಂದ ಮಾಡಿದ ಔಷಧಕ್ಕಿಂತ ವಾಸಿ.

ತೀರ್ಥಹಳ್ಳಿ ಲ್ಯಾಬ್ ಟೆಕ್ನಿಷಿಯನ್: ಇಲಿಯ ಕಥೆ 1975ರದ್ದು ಸ್ವಾಮಿ. ಕೋಹ್ಲರ್, ಮಿಲ್‌ಸ್ಟೈನ್ ಅನ್ನೋ ವಿಜ್ಞಾನಿಗಳು ಆಂಟಿಬಾಡಿ ತಯಾರಿಸುವ ಇಲಿಯ ಜೀವಕೋಶಕ್ಕೆ ಕ್ಯಾನ್ಸರ್ ಜೀವಕೋಶ ಬೆಸೆದು ಮೊನೊಕ್ಲೋನಲ್ ಆಂಟಿಬಾಡಿ ಮಾಡಿದರು. 1984ರಲ್ಲಿ ನೊಬೆಲ್ ಬಂತು. ಅಡಾಲಿಮುಮ್ಯಾಬ್ ಪೂರ್ತಿ ಮನುಷ್ಯರ ಮಾದರಿಯದ್ದು. ನಿಮ್ಮ ಮನೆಯವರಿಗೆ ಡೆಂಗಿ ಎನ್‌ಎಸ್‌1 ಕಾರ್ಡ್ ಟೆಸ್ಟ್ ಮಾಡಿದಾಗ ಗೆರೆ ಮೂಡಿದ್ದೂ ಇಂಥ ಆಂಟಿಬಾಡಿಯಿಂದಲೇ. ಆಗ ಬೇಡ ಅಂದಿರಾ?

ಭದ್ರಾವತಿ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ಸೊರಬ ಸದಸ್ಯೆ: ಒಂದು ಡೋಸ್‌ಗೆ ಎಷ್ಟಾಗುತ್ತೆ? ಸರ್ಕಾರಿ ಕಾರ್ಡ್‌ನಲ್ಲಿ ಸಿಗುತ್ತಾ?

ಸಾಗರ ಸದಸ್ಯ: ಮೇಡಂ, ಮಂಗನ ಕಾಯಿಲೆಗೆ ನಿಜವಾಗಲೂ ಇಲ್ವಾ?

ಡಾಕ್ಟರ್: ಮೇಲೆ ಓದಿ. ಜಗಳ ಬೇರೆ ಕಡೆ ಆಡಿಕೊಳ್ಳಿ. ಹೊಸನಗರದವರು ಇದ್ದೀರಾ?

ಹೊಸನಗರ ಸದಸ್ಯೆ: ಇದ್ದೀನಿ ಮೇಡಂ. ಎಕ್ಸ್‌ರೇ ತೆಗೆಸಿದ ನೆನಪಿಲ್ಲ. ನಾಳೆ ಶಿವಮೊಗ್ಗಕ್ಕೆ ಹೊರಡ್ತೀವಿ.

ಡಾಕ್ಟರ್: ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಪರೀಕ್ಷೆಗೆ ಕೊಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಫದಲ್ಲಿ ಸಿಗದಿದ್ದರೂ ಬಿಡಬೇಡಿ. ಈ ಔಷಧ ತಗೊಳ್ಳುವವರಲ್ಲಿ ಟಿಬಿ ಶ್ವಾಸಕೋಶದ ಹೊರಗೂ ಕೂರುತ್ತದೆ. ಬಸ್ಸಿನಲ್ಲಿ ಅಮ್ಮನಿಗೆ ಮಾಸ್ಕ್ ಹಾಕಿಸಿ, ಕಿಟಕಿ ತೆಗೆದಿರಿ. ರಿಪೋರ್ಟ್ ನನಗೆ ಕಳಿಸಿ.