ಸಹಾಯ ಬೇಕು: ಕುಂಜುಮ್‌ನಿಂದ ಚಂದ್ರತಾಲ್‌ಗೆ ನಡೆದು ಹೋದವರು ಯಾರಾದರೂ ಇದ್ದೀರಾ?

ಆಗಸ್ಟ್ ಕೊನೆಗೆ ನಾನೂ ಅಕ್ಕನೂ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಚಂದ್ರತಾಲ್ ನೋಡಬೇಕು, ಅದೂ ನಡೆದೇ. ಸುಮಾರು 4,300 ಮೀಟರ್ ಎತ್ತರದ ಸರೋವರ, 2005ರಿಂದ ರಾಮ್‌ಸರ್ ಪಟ್ಟಿಯಲ್ಲಿದೆ (ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ). ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಸ್ವಲ್ಪ ದೂರದ ಕ್ಯಾಂಪ್‌ನಲ್ಲೇ ಉಳಿಯಬೇಕು. ಒಳ್ಳೇದೇ ಬಿಡಿ, ಇಲ್ಲದಿದ್ದರೆ ದಡದ ತುಂಬ ಮ್ಯಾಗಿ ಪ್ಯಾಕೆಟ್ಟೇ ಬಿದ್ದಿರುತ್ತಿತ್ತು.

ಸ್ಪಿತಿಯ ಮುಖ್ಯ ಊರು ಕಾಜಾದಲ್ಲಿ ಉಳಿದು ಎತ್ತರಕ್ಕೆ ಒಗ್ಗಿಕೊಂಡು, ಆಮೇಲೆ ಮನಾಲಿ ಬಸ್ ಹತ್ತಿ ಕುಂಜುಮ್ ಪಾಸ್‌ನಲ್ಲಿ ಇಳಿದು ಅಲ್ಲಿಂದ ಕಾಲುದಾರಿ ಹಿಡಿಯೋಣ ಅಂತ ಲೆಕ್ಕ. ತೊಡಕು ಇಲ್ಲೇ. ಬಿಸಿಲು ಏರಿದ ಹಾಗೆ ಹಿಮ ಕರಗಿ ಮಧ್ಯಾಹ್ನ ಆ ಕಾಲುದಾರಿಗೆ ಅಡ್ಡ ಬರುವ ತೊರೆಗಳಲ್ಲಿ ನೀರು ಜಾಸ್ತಿಯಾಗುತ್ತೆ, ಬೇಗ ದಾಟಿಬಿಡಬೇಕು. ಬಸ್ಸು ನಂಬಿಕೊಂಡರೆ ಅಷ್ಟು ಬೇಗ ಆಗುತ್ತಾ? ಒಂದು ಟ್ರಾವೆಲ್ಸ್‌ಗೆ ಫೋನ್ ಮಾಡಿದೆ, 'ಕಾರ್ ಬುಕ್ ಮಾಡಿ ಮೇಡಂ' ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ. ವಿಡಿಯೋಗಳಲ್ಲಿ ಬರೀ ಡ್ರೋನ್ ಶಾಟ್, ತೊರೆ ಎಷ್ಟು ಆಳ ಅಂತ ಒಬ್ಬರೂ ತೋರಿಸಲ್ಲ. ಅಕ್ಕನಿಗೆ ಮೊಣಕಾಲುದ್ದ ನೀರು ಅಂದರೂ ಭಯ.

ಬಸ್ಸಿಳಿದು ಅದೇ ದಿನ ನಡೆದವರು ದಯವಿಟ್ಟು ಹೇಳಿ: ಗೈಡ್ ಇಲ್ಲದೆ ನಾವಿಬ್ಬರೇ ಆ ತೊರೆಗಳನ್ನು ದಾಟಬಹುದಾ, ಇಲ್ಲಾ ಅದೇ ಬಸ್ಸಲ್ಲಿ ಪಾಸ್ ದಾಟಿ ಬಾತಲ್‌ವರೆಗೆ ಹೋಗಿ ಅಲ್ಲಿಂದ ಗಾಡಿ ರಸ್ತೆಯಲ್ಲೇ ನಡೆಯೋದು ವಾಸಿಯಾ?