ಹಳೇ ಫರಸಿ ಖಣಿಯಲ್ಲಿ ಗಿಡ ಬೆಳೆಸೋದು ಹೇಗೆ? ಸೇನೆಯವರ ಅನುಭವ ಗೊತ್ತಿದ್ರೆ ಹೇಳಿ

ಶಹಾಬಾದ್_ಹವಾಲ್ದಾರ್:
ಎಲ್ಲರಿಗೂ ನಮಸ್ಕಾರ. ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದು ಎರಡು ವರ್ಷ ಆಯ್ತು. ಊರ ಹಿಂದೆ ಕಲ್ಲು ತೆಗೆದು ಬಿಟ್ಟಿರೋ ಫರಸಿ (ನೆಲಕ್ಕೆ ಹಾಸೋ ಚಪ್ಪಡಿ ಕಲ್ಲು) ಖಣಿ ಇದೆ. ಸುತ್ತ ಒಡೆದ ಚಪ್ಪಡಿ ಗುಡ್ಡೆ, ತಳದಲ್ಲಿ ಪಾಚಿಗಟ್ಟಿದ ನೀರು, ಒಂದು ಜಾಲಿ ಬಿಟ್ರೆ ನೆರಳೇ ಇಲ್ಲ. ನಾವು ಆರು ಜನ ಮಾಜಿ ಸೈನಿಕರು ಸೇರಿ ಹೋದ ಜೂನ್‌ನಲ್ಲಿ 40 ಸಸಿ ಹಾಕಿದೆವು. ಏಪ್ರಿಲ್‌ಗೆ ಮೂರು ಉಳಿದವು. ಗಿಡ ನೆಡೋದಕ್ಕೇ ಸೇನೆಯಲ್ಲಿ ಬೆಟಾಲಿಯನ್ ಇದೆ ಅಂತಾರೆ, ನಿಜಾನಾ? ಅವರು ಹೇಗೆ ಉಳಿಸ್ತಾರೆ?

ಬೀದರ್‌ಕೋಟೆ:
ನಿಜ ಅಣ್ಣಾ. ಟೆರಿಟೋರಿಯಲ್ ಆರ್ಮಿ, ಅಂದ್ರೆ ಸೇನೆಯ ಮೀಸಲು ಪಡೆಯ ಇಕಲಾಜಿಕಲ್ ಟಾಸ್ಕ್ ಫೋರ್ಸ್ (ಪರಿಸರ ಕಾರ್ಯಪಡೆ) ಅಂತ. ಮೊದಲನೇದು ಗಢ್ವಾಲ್ ರೈಫಲ್ಸ್‌ನ 127ನೇ ಬೆಟಾಲಿಯನ್, 1982ರಲ್ಲಿ ಡೆಹ್ರಾಡೂನ್‌ನಲ್ಲಿ ಶುರುವಾಯ್ತು. ಸುಣ್ಣದಕಲ್ಲಿಗಾಗಿ ಮಸ್ಸೂರಿ ಬೆಟ್ಟವನ್ನ ಬಗೆದು ಬೋಳು ಮಾಡಿದ್ರು, ಅಲ್ಲಿ ಹಸಿರು ತರೋದು ಇವರ ಕೆಲಸ. ನಮ್ಮ ಫರಸಿಯೂ ಸುಣ್ಣದಕಲ್ಲೇ ಅಲ್ವಾ. ಅಲ್ಲಿ ಸಸಿ ಜೊತೆಗೇ ಕಲ್ಲಿನ ತಡೆಗಟ್ಟೆ ಕಟ್ಟಿ ಮಣ್ಣು ಜಾರೋದು ನಿಲ್ಲಿಸಿದ್ರು, ಹುಲ್ಲು ಪೊದೆ ಬೆಳೆಸಿದ್ರು. ನಿಮ್ಮ ಚಪ್ಪಡಿ ಗುಡ್ಡೆ ಮೇಲೆ ಮಣ್ಣೇ ನಿಲ್ಲದಿದ್ರೆ ಸಸಿ ಹೇಗೆ ಬೇರು ಬಿಡ್ಬೇಕು ಹೇಳಿ. ಇನ್ನೊಂದು ಮಾತು, ಆ ಬೆಟಾಲಿಯನ್‌ನಲ್ಲಿ ದುಡಿಯೋರು ಹೆಚ್ಚಿನವರು ಅದೇ ಸೀಮೆಯ ಮಾಜಿ ಸೈನಿಕರು. ನಿಮ್ಮಂಥವರೇ.

ಕಲಬುರಗಿ_ಮೇಷ್ಟ್ರು:
ದಿಲ್ಲಿಯ ಭಟ್ಟಿ ಗಣಿಯದೂ ನೋಡಿ, ಅಲ್ಲಿ 132ನೇ ಬೆಟಾಲಿಯನ್ ಇದೆ. ಅದೂ ಅಗೆದು ಬಿಟ್ಟ ಜಾಗವೇ. ರಾಜಸ್ಥಾನದಲ್ಲಿ 128ನೇದು ಇಂದಿರಾ ಗಾಂಧಿ ಕಾಲುವೆ ಬದಿಯ ಮರಳಲ್ಲಿ ಗಿಡ ಬೆಳೆಸಿತು, ಹಾಗಾಗಿ ನಮ್ಮ ಬಿಸಿಲಿಗೆ ಆಗಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಶಿಸ್ತು ಸೇನೆಯದು, ಖರ್ಚು ಮಾತ್ರ ರಾಜ್ಯ ಸರ್ಕಾರ ಅಥವಾ ಪರಿಸರ ಸಚಿವಾಲಯದ್ದು. ನಮ್ಮ ಶಾಸಕರು ಈ ಬಗ್ಗೆ ಕೇಳ್ಬೇಕು, ಕೇಳೋ ಹಾಗೆ ನಾವು ಮಾಡ್ಬೇಕು.

ಸುರಪುರ_ರೈತಮಹಿಳೆ:
ಅಣ್ಣಾರೇ, ಮಳೆಗಾಲದಲ್ಲಿ ನೆಟ್ಟು ಬಂದ್ರೆ ಸಾಲ್ದು, ಎರಡು ಬೇಸಿಗೆ ನೀರು ಬೇಕು. ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಹಾಕಿದ ಮಡಿಕೆಯನ್ನ ಬುಡದ ಪಕ್ಕ ಹೂತಿಡಿ, ನೀರು ಹನಿಹನಿಯಾಗಿ ಇಳಿಯುತ್ತೆ. ಒಡೆದ ಚಪ್ಪಡಿಯನ್ನೇ ಬುಡದ ಸುತ್ತ ಹೊದಿಸಿ. ನಮ್ಮ ಹೊಲದ ಬದುವಿನಲ್ಲಿ ಹಾಗೆ ಮಾಡಿದ್ದೆ, ಮೇ ತಿಂಗಳಲ್ಲಿ ಕಲ್ಲು ಎತ್ತಿದ್ರೆ ಕೆಳಗೆ ಮಣ್ಣು ಇನ್ನೂ ತಂಪಾಗಿತ್ತು. ಬೇವು, ಹೊಂಗೆ ಹಾಕಿ. ಆಡುಗಳಿಗೆ ಜಾಲಿ ಮುಳ್ಳಿನ ಬೇಲಿ ಬೇಕೇ ಬೇಕು.

ಶಹಾಬಾದ್_ಹವಾಲ್ದಾರ್:
ತುಂಬಾ ಉಪಕಾರ ಆಯ್ತು ಅಕ್ಕಾ. ಮುಳ್ಳಿನ ಬೇಲಿ ನಾವು ಹಾಕೇ ಇರಲಿಲ್ಲ. ಈ ಸಲ 40 ಬೇಡ, 12 ಸಸಿ ಹಾಕ್ತೀವಿ, ಒಬ್ಬೊಬ್ಬರಿಗೆ ಎರಡು. ಮೊದಲು ತಡೆಗಟ್ಟೆ.